ಖಾಲಿ ಬಿಟ್ಟ ಹೆಸರು

ಚಿಂಚವಾಡ, ಪುಣೆ
೧೨ ಜನವರಿ ೨೦೨೫

ವರದಾ ಅಕ್ಕೋರಿಗೆ ಮಾನಮ್ಮ ಮಾಡುವ ನಮಸ್ಕಾರಗಳು.

ನೀವು ಸುಖವಾಗಿ ಮೈಸೂರಿನ ತವರುಮನೆ ಮುಟ್ಟಿದಿರಿ ಎಂದು ತಿಳಿದು ಸಮಾಧಾನವಾಯಿತು. ಹೆರಿಗೆ ಆಗುವತನಕ ಫೋನು ಮುಟ್ಟಬಾರದೆಂದು ಡಾಕ್ಟರು ಹೇಳಿದರೋ, ನಿಮ್ಮ ತಾಯಿಯವರೇ ಹೇಳಿದರೋ ಗೊತ್ತಿಲ್ಲ. ಯಾರು ಹೇಳಿದ್ದರೂ ನನಗೆ ಒಳ್ಳೆಯದೇ ಆಯಿತು. ಫೋನಿನಲ್ಲಿ ನನಗೆ ಮಾತು ತೊದಲುತ್ತದೆ. ಕಾಗದದ ಮೇಲೆ ನಾನು ಏಳನೇ ಇಯತ್ತೆಯಲ್ಲಿ ಶಹಾಪುರ ಶಾಲೆಗೆ ಮೊದಲ ನಂಬರು ಬಂದವಳು.

ನೀವು ಹೋದಮೇಲೆ ಸದಾಶಿವ ಪೇಠದ ನಿಮ್ಮ ಸ್ಪ್ಯಾನಿಷ್ ಕ್ಲಾಸಿಗೆ ಬೀಗ ಬಿದ್ದಿದೆ. ಕಾಲೇಜು ಹುಡುಗರು ಬೇರೆ ಬೇರೆ ಕಡೆ ಸೇರಿಕೊಂಡರು. ನಲವತ್ತೇಳು ವರ್ಷದ ಅಡುಗೆಯವಳು ನಾನು, ಎಲ್ಲಿಗೆ ಹೋಗಲಿ? ಅದಕ್ಕೇ ಈ ಪತ್ರ.

ಈಗ ಅಸಲು ಸುದ್ದಿ. ಹಿಂಜವಾಡಿಯ ಗೆಸ್ಟ್ ಹೌಸಿನಲ್ಲಿ ನಾನು ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದೇನಲ್ಲ, ಅದೇ ಕಂಪನಿಯವರು ಮೆಕ್ಸಿಕೋದ ಕೆರೆತಾರೊ ಊರಿನಲ್ಲೂ ಒಂದು ಗೆಸ್ಟ್ ಹೌಸು ತೆರೆದಿದ್ದಾರೆ. ಇಲ್ಲಿಂದ ಹೋದ ಮೆಕ್ಯಾನಿಕ್ ಹುಡುಗರು ಬ್ರೆಡ್ಡು ತಿಂದು ಸೊರಗಿದ್ದಾರಂತೆ. ಆರು ತಿಂಗಳಿಗೆ ಒಬ್ಬ ಅಡುಗೆಯವರನ್ನು ಕಳಿಸುತ್ತಾರೆ. ಅಲ್ಲಿನ ಮೇಲ್ವಿಚಾರಕಿ ಏಪ್ರಿಲ್ ಕೊನೆಗೆ ವಿಡಿಯೊದಲ್ಲಿ ಇಪ್ಪತ್ತು ನಿಮಿಷ ಸ್ಪ್ಯಾನಿಷಿನಲ್ಲೇ ಮಾತಾಡಿಸಿ ಆರಿಸುತ್ತಾಳೆ. ನಾನು ಹೆಸರು ಕೊಟ್ಟಿದ್ದೇನೆ. ಹುಟ್ಟಿದಾಗಿನಿಂದ ನಾನು ಯಾವುದಕ್ಕೂ ನನ್ನ ಹೆಸರು ಕೊಟ್ಟವಳಲ್ಲ. ಹೋಗಬೇಕೆಂಬ ಆಸೆ ಎಷ್ಟಿದೆ ಎಂದರೆ, ಹಿಟ್ಟು ನಾದುವಾಗ ಸುಮ್ಮಸುಮ್ಮನೆ ನಗು ಬರುತ್ತದೆ.

ಮೂರು ತಿಂಗಳು ನಿಮ್ಮ ಹತ್ತಿರ ಕಲಿತಿದ್ದೇನೆ. ಇನ್ನು ಮೂರೂವರೆ ತಿಂಗಳಲ್ಲಿ ಎಷ್ಟು ಬಂದೀತು? ಮುಲಾಜಿಲ್ಲದೆ ಹೇಳಿರಿ.

ನಿಮ್ಮ ವಿದ್ಯಾರ್ಥಿನಿ,
ಮಾನಮ್ಮ


ಮೈಸೂರು
೨೦ ಜನವರಿ ೨೦೨೫

ಮಾನಮ್ಮನವರಿಗೆ,

ನಿಮ್ಮ ಪತ್ರ ಓದಿ ಹಾಸಿಗೆಯಲ್ಲೇ ಎದ್ದು ಕೂತೆ. ಅಮ್ಮ ಗದರಿಸಿ ಮತ್ತೆ ಮಲಗಿಸಿದರು. ಮೆಕ್ಸಿಕೋ! ಹತ್ತು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಒಳ್ಳೆಯ ಕಾರಣ ಇಟ್ಟುಕೊಂಡು ಕಲಿತಿಲ್ಲ.

ಮುಲಾಜಿಲ್ಲದೆ ಹೇಳುತ್ತೇನೆ. ಏಪ್ರಿಲ್ ಹೊತ್ತಿಗೆ ನೀವು ಸರಾಗವಾಗಿ ಮಾತಾಡುವುದಿಲ್ಲ. ಅವರು ವೇಗವಾಗಿ ಮಾತಾಡಿದರೆ ಅರ್ಧವೂ ಅರ್ಥವಾಗುವುದಿಲ್ಲ. ಸಿನಿಮಾ ನೋಡಿ ನಗುವುದಕ್ಕೆ ಎರಡು ವರ್ಷ ಬೇಕು, ಜಗಳ ಆಡಿ ಗೆಲ್ಲುವುದಕ್ಕೆ ಇನ್ನೂ ಹೆಚ್ಚು. ಆದರೆ ನಿಮ್ಮ ಬಗ್ಗೆ, ಮನೆಯ ಬಗ್ಗೆ, ಅಡುಗೆಯ ಬಗ್ಗೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಬಲ್ಲಿರಿ. ಅರ್ಥವಾಗದಿದ್ದರೆ ನಿಧಾನವಾಗಿ ಹೇಳಿ ಎಂದು ಕೇಳಬಲ್ಲಿರಿ. ಸಂದರ್ಶನಕ್ಕೆ ಅಷ್ಟು ಸಾಕು.

ದುಡ್ಡು ಕೊಟ್ಟು ಏನೂ ಕೊಳ್ಳಬೇಡಿ. ಮೊದಲು ನಿಮ್ಮ ಅಡುಗೆಮನೆಯ ಡಬ್ಬಿಗಳ ಮೇಲೆ ಸ್ಪ್ಯಾನಿಷ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದು ಅಂಟಿಸಿ. ಬಸ್ಸಿನಲ್ಲಿ ಹೋಗುವಾಗ ನಾನು ಫೋನಿಗೆ ಹಾಕಿಕೊಟ್ಟಿದ್ದ ರೇಡಿಯೊ ಪಾಠ ಕೇಳಿ. ದಿನಕ್ಕೊಂದು ಹೊಸದು ಬೇಡ, ಒಂದನ್ನೇ ವಾರವಿಡೀ ಕೇಳಿ. ಮಕ್ಕಳ ಚಿತ್ರಪುಸ್ತಕ ಎರಡು ಕಳಿಸಿದ್ದೇನೆ, ನಾಚಿಕೊಳ್ಳದೆ ಜೋರಾಗಿ ಓದಿ. ಎಲ್ಲಕ್ಕಿಂತ ಮುಖ್ಯ, ಗೆಸ್ಟ್ ಹೌಸಿಗೆ ಬರುವ ಮೆಕ್ಸಿಕೋದವರೊಂದಿಗೆ ತಪ್ಪುತಪ್ಪಾಗಿಯಾದರೂ ಮಾತಾಡಿ. ಭಾನುವಾರ ಆರು ಗಂಟೆ ಕೂತರೆ ಉಪಯೋಗವಿಲ್ಲ. ದಿನಾ ಅರ್ಧ ಗಂಟೆ ಕೂರಿ.

ನಿಮ್ಮ ಕುಟುಂಬದ ಬಗ್ಗೆ ಹತ್ತು ವಾಕ್ಯ ಬರೆದು ಕಳಿಸಿ.

ವರದಾ


ಚಿಂಚವಾಡ
೯ ಫೆಬ್ರುವರಿ ೨೦೨೫

ಅಕ್ಕೋರಿಗೆ ನಮಸ್ಕಾರ.

ಡಬ್ಬಿಗಳೆಲ್ಲ ಈಗ ಮೆಕ್ಸಿಕೋದವು. ಉಪ್ಪು ಸಾಲ್, ಅಕ್ಕಿ ಆರೋಸ್, ಎಣ್ಣೆ ಅಸೇಯ್ತೆ, ಸಕ್ಕರೆ ಅಸೂಕಾರ್. ಪಕ್ಕದ ಮನೆಯ ಕಾಶವ್ವ ಬಂದು ನೋಡಿ, ಇದೇನು ಯಾವುದೋ ವ್ರತದ ಮಂತ್ರವೇ ಎಂದು ಕೇಳಿದಳು. ಹೌದೆಂದೆ. ಮರುದಿನ ಕೈಕಾಲು ತೊಳೆದುಕೊಂಡೇ ಒಳಗೆ ಬಂದಳು.

ಗೆಸ್ಟ್ ಹೌಸಿನಲ್ಲಿ ಮೆಕ್ಸಿಕೋದ ಇಂಜಿನಿಯರು ಒಬ್ಬರಿದ್ದಾರೆ. ದಿನಾ ಅವರಿಗೆ ನಾಷ್ಟಾ ಕೊಡುವಾಗ ಮಾತಾಡುತ್ತೇನೆ. ನನ್ನ ಬಾಯಿಗೆ ಒಂದು ರೋಗ ಇದೆ ಅಕ್ಕೋರೆ. ಗ್ರಾಸಿಯಾಸ್ ಎಂದು ಬರಿದೇ ಧನ್ಯವಾದ ಹೇಳಿದರೆ ಮರ್ಯಾದೆ ಕಡಿಮೆಯಾದಂತೆ ಅನಿಸಿ "ಗ್ರಾಸಿಯಾಸ್ ರೀ" ಎಂದುಬಿಡುತ್ತೇನೆ. ನಮಸ್ಕಾರಕ್ಕೆ ಓಲಾ ರೀ, ಹೌದು ಎನ್ನಲು ಸೀ ರೀ. ಮೊದಲ ವಾರ ಅವರು ಕಕ್ಕಾಬಿಕ್ಕಿಯಾದರು. ಈಗ ಅವರೂ ಮುಂಜಾನೆಯ ನಮಸ್ಕಾರಕ್ಕೆ ನನಗೆ "ಬುಎನೋಸ್ ದೀಯಾಸ್ ರೀ" ಎನ್ನುತ್ತಾರೆ.

ಹತ್ತು ವಾಕ್ಯ ಇದರೊಂದಿಗೆ ಇಟ್ಟಿದ್ದೇನೆ. ಕೆಂಪು ಶಾಯಿ ಧಾರಾಳವಾಗಿ ಬಳಸಿರಿ.

ಮಾನಮ್ಮ


ಮೈಸೂರು
೧೭ ಫೆಬ್ರುವರಿ ೨೦೨೫

ಮಾನಮ್ಮನವರಿಗೆ,

ಹತ್ತರಲ್ಲಿ ಆರು ವಾಕ್ಯ ಸರಿಯಾಗಿವೆ. ಉಳಿದವನ್ನು ತಿದ್ದಿ ವಾಪಸು ಕಳಿಸಿದ್ದೇನೆ. 'ರೀ' ಬಿಡಬೇಡಿ. ಅದರಿಂದ ಯಾರಿಗೂ ನಷ್ಟವಿಲ್ಲ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾಲ್ಕನೇ ವಾಕ್ಯದಲ್ಲಿ "ನನ್ನ ಗಂಡನ ಹೆಸರು" ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದೀರಿ. ಅಕ್ಟೋಬರಿನ ಅಭ್ಯಾಸದಲ್ಲೂ ಹಾಗೇ ಬಿಟ್ಟಿದ್ದಿರಿ, ನವೆಂಬರಿನಲ್ಲೂ. ಕ್ಲಾಸಿನಲ್ಲಿ ಒಮ್ಮೆ ಕೇಳಿದಾಗ ನೀರು ಕುಡಿಯಲು ಎದ್ದುಹೋದಿರಿ. ಆಗ ನಾನು ಗಮನಿಸಿರಲಿಲ್ಲ, ಈಗ ಮಲಗಿದಲ್ಲೇ ಎಲ್ಲ ನೆನಪಾಗುತ್ತಿದೆ. ಮನೆಯಲ್ಲಿ ಏನಾದರೂ ತೊಂದರೆ ಇದೆಯೇ? ಅವರು ನಿಮ್ಮ ಜೊತೆಯಲ್ಲಿಲ್ಲವೇ? ಅಥವಾ ಜೊತೆಯಲ್ಲಿ ಇರುವುದೇ ಕಷ್ಟವಾಗಿದೆಯೇ? ಪುಣೆಯಲ್ಲಿ ನನ್ನ ಗೆಳತಿ ಆರತಿ ವಕೀಲೆ, ಒಳ್ಳೆಯವಳು. ನೀವು ಒಂದು ಮಾತು ಬರೆದರೆ ಸಾಕು, ನಾನು ಅವಳಿಗೆ ಹೇಳುತ್ತೇನೆ. ನಾನು ಕೇಳಿದ್ದು ತಪ್ಪಾದರೆ ಕ್ಷಮಿಸಿ.

ವರದಾ


ಚಿಂಚವಾಡ
೨೪ ಫೆಬ್ರುವರಿ ೨೦೨೫

ಅಕ್ಕೋರೆ,

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಸ್ವಲ್ಪ ಅತ್ತೆ, ನೀವು ನನಗಾಗಿ ಎರಡು ದಿನ ಚಿಂತೆ ಮಾಡಿದಿರಲ್ಲ ಎಂದು.

ನಮ್ಮ ಮನೆಯವರು ಗಟ್ಟಿಮುಟ್ಟಾಗಿದ್ದಾರೆ. ಪಿಂಪ್ರಿಯ ಎರಕದ ಕಾರ್ಖಾನೆಯಲ್ಲಿ ಕೆಲಸ. ಈಗ ಹೊರಗೆ ಕೂತು ಕಡಲೆ ತಿನ್ನುತ್ತಿದ್ದಾರೆ. ಇಪ್ಪತ್ತಾರು ವರ್ಷದಲ್ಲಿ ನನಗೆ ಕೈ ಎತ್ತಿದವರಲ್ಲ, ದನಿ ಎತ್ತಿದ್ದೇ ಎರಡು ಸಲ, ಅದೂ ಗ್ಯಾಸ್ ಸಿಲಿಂಡರಿನವನ ಮೇಲೆ. ನಿಮ್ಮ ವಕೀಲ ಗೆಳತಿಗೆ ಕೆಲಸ ಸಿಗದೇ ಹೋಯಿತು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬರೆಯುವುದೂ ಇಲ್ಲ, ಬರೆದದ್ದನ್ನು ನಾವೇ ಓದಬೇಕಾಗುತ್ತದಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಕಾರ್ಡ್ ಮುಂದಿಡುತ್ತೇನೆ. ಹೇಳಲೇಬೇಕಾದಾಗ ಒಡಪು ಹಾಕಿ ಹೇಳುತ್ತೇವೆ. ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಕೂರಿಸಿ ಹೇಳಿದರೆ ತಪ್ಪಿಲ್ಲ, ಚೆಂದ. ಮದುವೆಯಾಗಿ ಮನೆ ತುಂಬುವ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ. ನಾನು ಕಡೆಯ ಸಲ ಹೇಳಿದ್ದು ಮಗಳು ಶೀತಲಳ ತೊಟ್ಟಿಲ ದಿನ. ಅವಳಿಗೆ ಈಗ ಇಪ್ಪತ್ಮೂರು ವರ್ಷ.

ನಿಮಗೆ ಒಂದು ನಿಜ ಹೇಳಿಬಿಡುತ್ತೇನೆ. ಮನೆಯಲ್ಲಿ ತೊಂದರೆ ಇಲ್ಲ, ಆದರೆ ನಾನೊಂದು ಮಾತು ಮುಚ್ಚಿಟ್ಟಿದ್ದೇನೆ. ಮೆಕ್ಸಿಕೋದ ಸುದ್ದಿ ಅವರಿಗೆ ಹೇಳಿಲ್ಲ. ಸ್ಪ್ಯಾನಿಷು ಕಂಪನಿ ಕೆಲಸಕ್ಕೆ ಎಂದಷ್ಟೇ ಹೇಳಿದ್ದೇನೆ. ಬೇಡ ಎಂದಾರು ಎಂಬ ಭಯ ಅಲ್ಲ. ಬೇಡ ಎನ್ನದೆ, ಮುಖ ಸಣ್ಣ ಮಾಡಿಕೊಂಡು ಹೂಂ ಎಂದರೆ ನನಗೆ ಹೋಗಲು ಕಾಲೇಳುವುದಿಲ್ಲ.

ಮಾನಮ್ಮ


ಮೈಸೂರು
೩ ಮಾರ್ಚ್ ೨೦೨೫

ಮಾನಮ್ಮನವರೇ,

ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ನಾನು ನನ್ನ ಗಂಡನನ್ನು ರಕ್ಷಿತ, ರಕ್ಷಿತ ಎಂದು ದಿನಕ್ಕೆ ನೂರು ಸಲ ಕೂಗುವವಳು, ಖಾಲಿ ಜಾಗ ನೋಡಿ ಏನೇನೋ ಊಹಿಸಿದೆ.

ಹೆಸರು ಖಾಲಿ ಬಿಡಿ, ಪರವಾಗಿಲ್ಲ. ಸುದ್ದಿ ಖಾಲಿ ಬಿಡಬೇಡಿ. ಹೇಳಿಬಿಡಿ. ಅವರ ಮುಖ ಸಣ್ಣದಾಗುತ್ತದೋ ದೊಡ್ಡದಾಗುತ್ತದೋ ನೀವೇ ಮೊದಲೇ ತೀರ್ಮಾನ ಮಾಡುವುದು ಸರಿಯಲ್ಲ.

ಹೆಚ್ಚು ಬರೆಯಲಾರೆ. ಕಾಲು ಊದಿವೆ. ಡಾಕ್ಟರು ಇನ್ನು ಕೂರಲೂ ಬಾರದು ಎಂದಿದ್ದಾರೆ. ರೇಡಿಯೊ ಪಾಠ ಬಿಡಬೇಡಿ.

ವರದಾ


ಚಿಂಚವಾಡ
೨೦ ಮಾರ್ಚ್ ೨೦೨೫

ಅಕ್ಕೋರಿಗೆ ನಮಸ್ಕಾರ. ನೀವು ಉತ್ತರ ಬರೆಯಬೇಡಿರಿ, ಮಲಗಿಕೊಂಡೇ ಓದಿರಿ.

ಹೇಳಬೇಕು ಹೇಳಬೇಕು ಎಂದು ಹತ್ತು ದಿನ ಕಳೆದೆ. ಹೋದ ಭಾನುವಾರ ಮುಂಜಾನೆ ಚಹಾ ಕೊಟ್ಟೆ. ಒಂದು ಗುಟುಕು ಕುಡಿದು, ಮುಖ ಎತ್ತದೆಯೇ ಹೇಳಿದರು:

"ಅಸೂಕಾರ್ ಕಮ್ಮಿ ಆಗ್ಯದ ನೋಡು."

ನನ್ನ ಕೈಯಲ್ಲಿನ ಸೌಟು ಕೈಯಲ್ಲೇ ಉಳಿಯಿತು. "ಇದನ್ನ ಯಾರ್ ಕಲಿಸಿದ್ರು ನಿಮಗ?" ಎಂದೆ.

"ಡಬ್ಬಿ ಕಲಿಸ್ತು. ಒಂದೂವರಿ ತಿಂಗಳಾತು, ದಿನಾ ಓದ್ಲಾಕತ್ತೀನಿ. ಸಾಲ್, ಆರೋಸ್ ಎಲ್ಲಾ ಬರ್ತಾವ. ನೀ ಎಲ್ಲಿಗಿ ಹೊಂಟೀದಿ ಅಂತ ನೀನೇ ಹೇಳ್ತಿ ಅಂತ ಕಾದೆ. ನೀ ಹೇಳವಲ್ಲಿ."

"ಮೆಕ್ಸಿಕೋಕ್ಕರಿ. ಆರು ತಿಂಗಳು. ಆರಿಸಿದ್ರ."

ಅವರು ಚಹಾ ಪೂರ್ತಿ ಕುಡಿದರು. ಆಮೇಲೆ ಕೇಳಿದರು: "ರೊಟ್ಟಿ?"

ನನಗೆ ಸಿಟ್ಟು ಬಂತು ಅಕ್ಕೋರೆ. ಇಪ್ಪತ್ತಾರು ವರ್ಷ ಬಾಳಿದವಳು ಸಮುದ್ರ ದಾಟಿ ಹೋಗುತ್ತೇನೆಂದರೆ ಈ ಮನುಷ್ಯನಿಗೆ ರೊಟ್ಟಿಯ ಚಿಂತೆ. ಏನೋ ಬಿರುಸಾಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಹಂಗಲ್ಲ. ರೊಟ್ಟಿ ಬಡೀಲಾಕ ಕಲೀಬೇಕಂದ್ರ ಎಷ್ಟ ದಿನಾ ಹಿಡೀತದ? ನೀ ಹೋಗೂದ್ರೊಳಗ ಬರ್ಬೇಕಲ್ಲ."

ಕಣ್ಣು ಒರೆಸಿಕೊಂಡು, ನಿಮ್ಮ ಪತ್ರ ತೆಗೆದು ಅವರ ಮುಂದೆ ಓದಿದೆ. ಮೂರು ತಿಂಗಳಲ್ಲಿ ಸರಾಗ ಬರುವುದಿಲ್ಲ, ಸಣ್ಣ ಸಣ್ಣದು ಬರುತ್ತದೆ, ಭಾನುವಾರ ಆರು ಗಂಟೆ ಬೇಡ, ದಿನಾ ಅರ್ಧ ಗಂಟೆ. ಎಲ್ಲ ಕೇಳಿ, ನಿಮ್ಮ ಅಕ್ಕೋರು ಶಾಣ್ಯಾ ಇದ್ದಾರ ಎಂದರು. ಅಂದು ಸಂಜೆಯೇ ಪರಾತದಲ್ಲಿ ಹಿಟ್ಟು ಕಲೆಸಲು ಕೂತರು. ಮೊದಲ ರೊಟ್ಟಿ ತೆಗೆಯುವಷ್ಟರಲ್ಲಿ ಮೂರು ತುಂಡು. ಆಗಿನಿಂದ ದಿನಾ ನಾನು ಒಂದು ಕಡೆ ಸ್ಪ್ಯಾನಿಷ್ ಪುಸ್ತಕ ಜೋರಾಗಿ ಓದುತ್ತೇನೆ, ಅವರು ಇನ್ನೊಂದು ಕಡೆ ಬಡಿಯುತ್ತಾರೆ. ಕಾಶವ್ವ ಈಗ ನಮ್ಮ ಮನೆ ಕಡೆ ಕೈಮುಗಿದೇ ಹೋಗುತ್ತಾಳೆ.

ಮಾನಮ್ಮ


ಚಿಂಚವಾಡ
೧೩ ಏಪ್ರಿಲ್ ೨೦೨೫

ಅಕ್ಕೋರೆ,

ಉತ್ತರ ಬರೆಯಬೇಡಿರಿ ಎಂದವಳು ನಾನೇ. ಆದರೂ ದಿನಾ ಪೋಸ್ಟಮನ್ನನ ಸೈಕಲ್ಲಿನ ಸದ್ದು ಕೇಳುತ್ತಿದ್ದೇನೆ. ನಿಮಗೆ ದಿನ ತುಂಬಿ ಹೆರಿಗೆ ಆಗಿರಬೇಕು. ಚೆನ್ನಾಗಿದ್ದೀರಿ ಎಂದು ಯಾರಾದರೂ ಎರಡು ಅಕ್ಷರ ಬರೆದರೆ ಸಾಕು.

ಸಂದರ್ಶನ ೨೫ರ ಶುಕ್ರವಾರ ಸಂಜೆ ಏಳೂವರೆಗೆ. ಹೆದರಿಕೆಯಾಗಿ ಒಂದು ತಪ್ಪು ಮಾಡಲು ಹೊರಟಿದ್ದೆ. ರಿಕ್ಷಾದ ಹಿಂದೆ "ಮೂವತ್ತು ದಿನದಲ್ಲಿ ಸ್ಪ್ಯಾನಿಷ್, ಖಾತ್ರಿ" ಎಂದು ಮರಾಠಿಯಲ್ಲಿ ಬರೆದದ್ದು ಕಂಡಿತು. ನಂಬರು ಬರೆದುಕೊಂಡು ಬಂದೆ. ಮನೆಯವರು ಚೀಟಿ ನೋಡಿ, "ಮೂವತ್ತ ದಿನದಾಗ ನನಗ ರೊಟ್ಟಿನೇ ಗುಂಡಗ ಬರ್ಲಿಲ್ಲ, ನಿನಗ ಒಂದು ದೇಶದ ಮಾತು ಬರ್ತದೇನು?" ಎಂದರು. ಚೀಟಿ ಒಲೆಗೆ ಹೋಯಿತು.

ಮಾನಮ್ಮ


ಮೈಸೂರು
೧೯ ಏಪ್ರಿಲ್ ೨೦೨೫

ಮಾನಮ್ಮಕ್ಕಾ,

ಮಾರ್ಚ್ ೨೭ಕ್ಕೆ ಮಗಳು ಹುಟ್ಟಿದಳು. ಇಬ್ಬರೂ ಚೆನ್ನಾಗಿದ್ದೇವೆ. ಮೂರು ವಾರದಲ್ಲಿ ನಾನು ಬರೆಯುತ್ತಿರುವ ಮೊದಲ ಸಾಲುಗಳಿವು. ಅಮ್ಮನಿಗೆ ಗೊತ್ತಾಗದಂತೆ, ಮಗುವಿನ ಹಾಸಿಗೆಯ ಕೆಳಗಿನಿಂದ ಪೆನ್ನು ತೆಗೆದು ಬರೆಯುತ್ತಿದ್ದೇನೆ. ಅಸೂಕಾರ್ ಪತ್ರವನ್ನು ರಕ್ಷಿತ ಆಸ್ಪತ್ರೆಯಲ್ಲಿ ನನಗೆ ಮೂರು ಸಲ ಓದಿ ಹೇಳಿದ.

ನೀವು ಮುಚ್ಚಿಟ್ಟದ್ದನ್ನು ಹೇಳಿದಿರಿ, ಈಗ ನನ್ನ ಸರದಿ. ಹತ್ತು ವರ್ಷ ಸ್ಪ್ಯಾನಿಷ್ ಕಲಿಸಿದ ನಾನು ಆ ಮಾತಾಡುವ ಒಂದು ದೇಶವನ್ನೂ ನೋಡಿಲ್ಲ. ಮೇಲಿನ ಹಂತದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೇನೆ. ಕ್ಲಾಸಿಗೆ ಬೀಗ ಹಾಕಿದ್ದು ಹೆರಿಗೆಗೆ ಮಾತ್ರ ಅಲ್ಲ, ಇನ್ನು ಕಲಿಸುವುದು ಬೇಡವೆಂದು ತೀರ್ಮಾನಿಸಿಯೇ ಬಂದಿದ್ದೆ. ಜಾಗದ ಮಾಲೀಕರಿಗೆ ಬರೆದ ಕಾಗದ ದಿಂಬಿನ ಕೆಳಗೇ ಇದೆ, ಅಂಚೆಗೆ ಹಾಕಿಲ್ಲ. ನಿಮಗೆ ಅಷ್ಟೆಲ್ಲ ಬುದ್ಧಿ ಹೇಳುವಾಗ, ನನಗೆ ನಾನು ಹೇಳಿಕೊಂಡಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು.

ಶುಕ್ರವಾರಕ್ಕೆ ಒಂದೇ ಮಾತು. ಅರ್ಥವಾಗದಿದ್ದರೆ "ಮಾಸ್ ದೆಸ್ಪಾಸಿಯೊ, ಪೋರ್ ಫಾವೋರ್", ನಿಧಾನವಾಗಿ ಹೇಳಿ ಎಂದು ಎಷ್ಟು ಸಲ ಬೇಕಾದರೂ ಕೇಳಿ. ಆದರೆ ಸುಮ್ಮನೆ ಮಾತ್ರ ಕೂರಬೇಡಿ. ಗಂಡನ ಹೆಸರು ಖಂಡಿತ ಕೇಳುತ್ತಾರೆ. ಆಗ ಏನು ಮಾಡುತ್ತೀರಿ?

ವರದಾ


ಚಿಂಚವಾಡ
೨೭ ಏಪ್ರಿಲ್ ೨೦೨೫

ಅಕ್ಕೋರಿಗೂ ಮರಿ ಅಕ್ಕೋರಿಗೂ ಮಾನಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಶುಕ್ರವಾರ ಮಧ್ಯಾಹ್ನವೇ ಬಂತು. ಮಗು ಹುಟ್ಟಿದ ಸುದ್ದಿ ಓದಿ, ಉಳಿದದ್ದನ್ನು ಓದದೆ ಮಡಚಿಟ್ಟು, ಕಾಶವ್ವನಿಗೆ ಸಕ್ಕರೆ ಕೊಟ್ಟು ಬಸ್ ಹತ್ತಿದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಗೊತ್ತಿರಲಿಲ್ಲ.

ಆಫೀಸಿನ ದೊಡ್ಡ ಪರದೆಯ ಮೇಲೆ ಅಲ್ಲಿನ ಮೇಲ್ವಿಚಾರಕಿ ಸೆನ್ಯೋರಾ ಅಂಪಾರೊ ಬಂದಳು. ನನ್ನ ವಯಸ್ಸಿನವಳೇ, ಕೂದಲು ನನ್ನಂತೆಯೇ ಅರ್ಧ ನೆರೆತಿದೆ. ನನ್ನ ಹಿಂದೆ ಆಫೀಸಿನ ನಾಲ್ವರು ಕೂತಿದ್ದರು. ಮೆಕ್ಸಿಕೋದಲ್ಲಿ ಆಗ ಮುಂಜಾನೆ. "ಬುಎನೋಸ್ ದೀಯಾಸ್ ರೀ" ಎಂದೆ. ಆಮೇಲೆ ಹತ್ತು ನಿಮಿಷ ಅಡುಗೆಯ ಮಾತು. ಏಳು ಸಲ ನಿಧಾನ ಎಂದು ಕೇಳಿದೆ, ಎಣಿಸಿದ್ದೇನೆ. ಅರ್ಧ ತಪ್ಪು ಹೇಳಿರಬೇಕು, ಆದರೂ ನಿಲ್ಲಿಸಲಿಲ್ಲ.

ಆಗ ಕೇಳಿದಳು, ನಿಮ್ಮ ಗಂಡನ ಹೆಸರೇನು ಎಂದು.

ನನ್ನ ಕೈ ತಾನಾಗಿ ಪಕ್ಕಕ್ಕೆ ತಡಕಿತು. ಆಧಾರ್ ಕಾರ್ಡು ಹೊರಗೆ ಚೀಲದಲ್ಲಿತ್ತು. ಅವಳು ಮತ್ತೆ ಕೇಳಿದಳು, ನಿಧಾನವಾಗಿ. ಪಾಪ, ಅರ್ಥವಾಗಿಲ್ಲ ಎಂದುಕೊಂಡಳು. ಮೂರನೇ ಸಲವೂ ಕೇಳಿದಳು. ಹಿಂದೆ ಕೂತವರಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟರು. ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಬರದವಳನ್ನು ಯಾರು ಮೆಕ್ಸಿಕೋಗೆ ಕಳಿಸುತ್ತಾರೆ ಎಂದು ನನಗೇ ಅನಿಸಿತು. ಆಗ ನನಗೆ ಮದುವೆಯ ದಿನದ ಬಾಗಿಲು ನೆನಪಾಯಿತು ಅಕ್ಕೋರೆ. ಇವಳೂ ಬಾಗಿಲಿಗೆ ಅಡ್ಡ ನಿಂತ ನಾದಿನಿ. ಹೆಸರು ಹೇಳದೆ ಒಳಗೆ ಬಿಡಳು.

ಒಂದು ನಿಮಿಷ ಎಂದು ಬೆರಳು ತೋರಿಸಿ, ಸೆರಗು ಸರಿಮಾಡಿಕೊಂಡು, ಎದ್ದು ನಿಂತು ಹೇಳಿದೆ:

"ಕಾದಾ ಮನ್ಯಾನ ಆಬ್ರೊ ಲಾ ವೆಂತಾನ,
ತೋಮೊ ತೇ ಕೊನ್ ಮಿ ಮಾರಿದೋ ಧರ್ಮಣ್ಣ."

ದಿನಾ ಮುಂಜಾನೆ ಕಿಟಕಿ ತೆಗೆಯುತ್ತೇನೆ, ನಮ್ಮ ಮನೆಯವರ ಜೊತೆ ಚಹಾ ಕುಡಿಯುತ್ತೇನೆ. ಎಲ್ಲ ನೀವು ಮೊದಲ ತಿಂಗಳು ಕಲಿಸಿದ ಶಬ್ದಗಳೇ.

ಅಂಪಾರೊ ಪೆನ್ನು ಹುಡುಕಿದಳು. ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು. ಇದು ನಮ್ಮ ಕಡೆಯ ಪದ್ಧತಿ, ಗಂಡನ ಹೆಸರು ಹೀಗೇ ಹೇಳಬೇಕು ಎಂದು ಮುರುಕು ಸ್ಪ್ಯಾನಿಷಿನಲ್ಲಿ ತಿಳಿಸಿದೆ. ಅವಳು ಉಳಿದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ತನ್ನ ಗಂಡನ ಹೆಸರಿಗೆ ಪ್ರಾಸ ಹುಡುಕತೊಡಗಿದಳು. ಸಿಗಲಿಲ್ಲ. "ಇಲ್ಲಿಗೆ ಬಂದು ನೀವೇ ಹುಡುಕಿಕೊಡಿ" ಎಂದಳು. ಅದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಆಗಸ್ಟಿಗೆ ಹೊರಡಬೇಕು.

ಮನೆಗೆ ಬಂದು ಎಲ್ಲ ಹೇಳಿದೆ. "ಇನ್ನೊಮ್ಮಿ ಹೇಳು," ಎಂದರು ಮನೆಯವರು. "ಸುಮ್ಮಸುಮ್ಮನ ಹೇಳೂದಲ್ಲರಿ ಅದು," ಎಂದೆ. ಅವರ ಮುಖ ಸಣ್ಣದಾಗಲಿಲ್ಲ. ನಾಲ್ಕು ರೊಟ್ಟಿ ಬಡಿದು ಇಟ್ಟಿದ್ದರು. ಒಂದು ಗುಂಡಗಿತ್ತು.

ಆಮೇಲೆ ನಿಮ್ಮ ಪತ್ರದ ಉಳಿದ ಭಾಗ ಓದಿದೆ. ದಿಂಬಿನ ಕೆಳಗಿನ ಆ ಕಾಗದ ಹರಿದು ಹಾಕಿರಿ. ನೀವು ದೇಶ ನೋಡದಿದ್ದರೇನಾಯಿತು, ನನ್ನನ್ನು ಆ ಬಾಗಿಲ ತನಕ ಕರೆದುಕೊಂಡು ಹೋದವರು ನೀವೇ ಅಲ್ಲವೇ?

ಮಾನಮ್ಮ


ಮೈಸೂರು
೫ ಮೇ ೨೦೨೫

ಮಾನಮ್ಮಕ್ಕಾ,

ಹರಿದು ಹಾಕಿದೆ. ಪುಣೆಗೆ ಮರಳುವ ತನಕ, ಜೂನಿನಿಂದ ಇಲ್ಲೇ ನಮ್ಮ ಮನೆಯ ಮಹಡಿಯಲ್ಲಿ ಕ್ಲಾಸು ಶುರು. ಬೋರ್ಡಿನ ಮೇಲೆ "ನಿಧಾನವಾಗಿ ಕಲಿಸಲಾಗುತ್ತದೆ" ಎಂದು ಬರೆಸಿದ್ದೇನೆ. ಅಮ್ಮ ಇದನ್ನು ನೋಡಿ ಯಾರು ಬರುತ್ತಾರೆ ಎಂದರು. ಆಗಲೇ ನಾಲ್ಕು ಜನ ಬಂದಿದ್ದಾರೆ.

ನಿನ್ನೆ ಮಗುವಿಗೆ ನಾಮಕರಣವಾಯಿತು. ಎಲ್ಲರ ಎದುರು ಎದ್ದು ನಿಂತು, ರಾತ್ರಿ ನಿದ್ದೆಗೆಟ್ಟು ಕಟ್ಟಿದ್ದ ಎರಡು ಸಾಲಿನಲ್ಲಿ ಗಂಡನ ಹೆಸರು ಹೇಳಿದೆ. ದಿನಕ್ಕೆ ನೂರು ಸಲ ಕೇಳುವ ಹೆಸರೇ. ಆದರೆ ರಕ್ಷಿತ ಕಿವಿಯವರೆಗೆ ಕೆಂಪಾಗಿ ಅಡುಗೆಮನೆಗೆ ಓಡಿಹೋದ.

ನಿಮ್ಮ ವರದಾ


ಕೆರೆತಾರೊ, ಮೆಕ್ಸಿಕೋ
೧೪ ಸೆಪ್ಟೆಂಬರ್ ೨೦೨೫

ವರದಾ ಅಕ್ಕೋರಿಗೆ ಓಲಾ ರೀ.

ಬಂದು ಒಂದು ತಿಂಗಳಾಯಿತು. ಮಾತು ವೇಗ, ಅರ್ಧ ತಿಳಿಯುತ್ತದೆ. ನೀವು ಹೇಳಿದ ಅಳತೆ ಕೂದಲೆಳೆ ತಪ್ಪಿಲ್ಲ. ಮೆಕ್ಯಾನಿಕ್ ಹುಡುಗರು ರೊಟ್ಟಿ ತಿಂದು ದುಂಡಗಾಗುತ್ತಿದ್ದಾರೆ. ಮನೆಯವರು ದಿನಾ ತಮ್ಮ ರೊಟ್ಟಿಯ ಫೋಟೊ ಕಳಿಸುತ್ತಾರೆ. ಅವೂ ಈಗ ದುಂಡಗೇ ಇವೆ. ನೋಡಿದ ದಿನವೆಲ್ಲ ನನಗೆ ಹಸಿವು.

ಇಲ್ಲಿನ ಡಬ್ಬಿಗಳ ಮೇಲೆ ಸ್ಪ್ಯಾನಿಷ್ ಮೊದಲೇ ಇತ್ತು. ನಾನು ಕೆಳಗೆ ಕನ್ನಡದ ಹೆಸರು ಬರೆದು ಅಂಟಿಸಿದೆ, ಅವರ ಅಕ್ಷರದಲ್ಲಿ. ಮನೆಯ ನೆನಪಿಗೆ ಎಂದು ಮಾಡಿದ್ದು, ಬೇರೆ ಯಾರೂ ಓದುತ್ತಾರೆಂದು ತಿಳಿದಿರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅಂಪಾರೊ ಕೈ ಚಾಚಿ, "ಉಪ್ಪು ಕೊಡ್ರಿ" ಎಂದಳು.

ಸೌಟು ಕೈಯಲ್ಲೇ ಉಳಿಯಿತು. ಕಣ್ಣೂ ತುಂಬಿತು, ಬಚ್ಚಿಡುವುದೇನಿದೆ. ಕನ್ನಡ ಪೂರ್ತಿ ಬರಲು ಎಷ್ಟು ತಿಂಗಳು ಬೇಕು ಎಂದು ಕೇಳಿದಳು. ನಿಮ್ಮ ವಿದ್ಯಾರ್ಥಿನಿ ನಾನು, ಸುಳ್ಳು ಹೇಳಲಿಲ್ಲ. ದಿನಾ ಅರ್ಧ ಗಂಟೆ ಕೂತರೆ ಆರು ತಿಂಗಳಿಗೆ ಉಪ್ಪು ಬರುತ್ತದೆ, ಬೆಲ್ಲ ಬರುತ್ತದೆ, ಮತ್ತೆ ಒಡಪಿನಲ್ಲಿ ನಿಮ್ಮ ಗಂಡನ ಹೆಸರು ಎಂದೆ.

ಮಾನಮ್ಮ